ಬೀಗ ಹಾಕಿದ ಬೀರುವಿನಲ್ಲಿ ವಿಜ್ಞಾನವಿಲ್ಲ



"ಉಪಕರಣಗಳಿಲ್ಲ, ಆದ್ದರಿಂದ ಪ್ರಯೋಗ ಮಾಡಿಸಲಾಗುವುದಿಲ್ಲ" ಎಂಬ ಮಾತನ್ನು ನನ್ನ ವೃತ್ತಿಯುದ್ದಕ್ಕೂ ಕೇಳಿದ್ದೇನೆ. ನಿವೃತ್ತನಾದ ಮೇಲೂ ಕೇಳುತ್ತಿದ್ದೇನೆ. ಇದು ಅರ್ಧಸತ್ಯ. ಉಪಕರಣಗಳಿರುವ ಕಡೆಯಲ್ಲೂ ಅವು ಬೀರುವಿನೊಳಗೆ ಭದ್ರವಾಗಿರುವುದನ್ನು ನಾನು ಕಂಡಿದ್ದೇನೆ. ಒಡೆದರೆ ಲೆಕ್ಕ ಕೊಡಬೇಕು. ಮುಟ್ಟದೆ ಇಟ್ಟರೆ ಕೇಳುವವರಿಲ್ಲ. ದಾಸ್ತಾನು ಪುಸ್ತಕ ಸರಿಯಿದ್ದರೆ ಸಾಕು, ಮಕ್ಕಳ ತಲೆಯೊಳಗಿನ ದಾಸ್ತಾನನ್ನು ಯಾರೂ ಪರಿಶೀಲಿಸುವುದಿಲ್ಲ.

ನಮ್ಮ ಹೆತ್ತೂರಿನ ಸುತ್ತಮುತ್ತ ಪ್ರಯೋಗಕ್ಕೆ ಕೊರತೆಯೇ? ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಸಕಲೇಶಪುರ ಪೇಟೆಯೇ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ತಾಪಮಾಪಕವನ್ನು ಕುದಿಯುವ ನೀರಿಗೆ ಇಳಿಸಿದರೆ ಪಾದರಸ 97ರ ಆಸುಪಾಸಿನಲ್ಲೇ ನಿಲ್ಲುತ್ತದೆ. "ಏಕೆ ಸಾರ್?" ಎಂದು ಮಗು ಕೇಳಿದ ಕ್ಷಣದಲ್ಲಿ ವಾಯುಭಾರದ ಪಾಠ ಆರಂಭವಾಗುತ್ತದೆ. ನೂರು ಎಂದು ಬರೆದು ಅಂಕ ಪಡೆದ ಮಗುವಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಗಣಿತವೂ ಹಾಗೆಯೇ. ಹತ್ತನೆಯ ತರಗತಿಯ ತ್ರಿಕೋನಮಿತಿಗೆ ಒಂದು ಕೋನಮಾಪಕ, ಒಂದು ದಾರ, ಒಂದು ಕಲ್ಲು ಸಾಕು. ತೋಟದ ಸಿಲ್ವರ್ ಮರದ ತುದಿ 45 ಡಿಗ್ರಿಯಲ್ಲಿ ಕಾಣುವವರೆಗೆ ಹಿಂದೆ ಸರಿಯಿರಿ. ಮರದ ಬುಡಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರವನ್ನು ಕೂಡಿಸಿದರೆ ಸಮನೆಲದಲ್ಲಿ ಮರದ ಎತ್ತರ ಸಿಗುತ್ತದೆ. ನಮ್ಮ ಮುಂಗಾರು ಇನ್ನೂ ದೊಡ್ಡ ಮೇಷ್ಟರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡಿನ ಮೇಲೆ ನೂರು ಮಿಲಿಮೀಟರ್ ಸುರಿದರೆ ಹತ್ತು ಸಾವಿರ ಲೀಟರ್!

ಇದು ಬರಿಯ ಕುತೂಹಲದ ಮಾತಲ್ಲ. ಕಾಫಿ ಕೊಯ್ಲಿನಲ್ಲಿ ಹಣ್ಣನ್ನು ತೂಗಿ ಕೂಲಿ ಕೊಡುವ ಕಡೆ ತಕ್ಕಡಿಯೇ ಕೂಲಿಯನ್ನು ನಿರ್ಧರಿಸುತ್ತದೆ. ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತೂಗುತ್ತದೆ ಎಂಬುದನ್ನು ಕೈಯಾರೆ ಅರಿತ ಕೂಲಿಕಾರರ ಮಗಳು ಆ ತಕ್ಕಡಿಯನ್ನು ಪರೀಕ್ಷಿಸಬಲ್ಲಳು. ಸಾಂದ್ರತೆಯ ವ್ಯಾಖ್ಯೆಯನ್ನು ಮಾತ್ರ ಕಲಿತವಳು ತಾಯಿಯ ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತಾಳೆ.

"ಪಾಠಗಳನ್ನು ಮುಗಿಸಬೇಡವೇ?" ಎನ್ನುತ್ತಾರೆ. ಮುಗಿಯುವುದು ಪುಸ್ತಕ, ಕಲಿಕೆಯಲ್ಲ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಎಸ್.ಎಸ್.ಎಲ್.ಸಿ.ಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆಂದೇ 20 ಅಂಕಗಳಿವೆ. ಆದರೆ ಆಗುತ್ತಿರುವುದೇನು? ಒಬ್ಬನ ರೆಕಾರ್ಡ್ ಪುಸ್ತಕವನ್ನು ನಲವತ್ತು ಮಂದಿ ನಕಲು ಮಾಡುವುದು, ಎಲ್ಲರಿಗೂ ಅಂಕ ಹಂಚುವುದು. ಮಾಡದ ಪ್ರಯೋಗಕ್ಕೆ ಫಲಿತಾಂಶ ಬರೆಸುವುದು ವಿಜ್ಞಾನವಲ್ಲ. ಸುಳ್ಳು ಸಾಕ್ಷಿಯ ತರಬೇತಿ.

ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳೇ ಪ್ರಯೋಗ ಮಾಡಿ ಉತ್ತರ ಕಂಡುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲೂ ಪುಸ್ತಕ ತೆರೆದಿಡಲು ಅವಕಾಶವಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ಆದರೂ ಮೂವತ್ತು ವರ್ಷ ನಡೆದದ್ದನ್ನು ಅಸಾಧ್ಯವೆಂದು ಹೇಳುವಂತಿಲ್ಲ. ಪರೀಕ್ಷೆ ಬದಲಾದರೆ ತರಗತಿಯೂ ಬದಲಾಗುತ್ತದೆ ಎಂಬುದೇ ಅದರ ಪಾಠ.

ಈಗ ಪರದೆಯ ಮೇಲೆ ಪ್ರಯೋಗ ತೋರಿಸುವ ಹೊಸ ರೂಢಿ ಬಂದಿದೆ. ದೂರದ ಗ್ರಹವನ್ನೋ ಜೀವಕೋಶವನ್ನೋ ತೋರಿಸಲು ಅದು ಒಳ್ಳೆಯದೇ. ಆದರೆ ಪರದೆಯ ಪ್ರಯೋಗ ಎಂದೂ ತಪ್ಪುವುದಿಲ್ಲ; ತಪ್ಪದ ಪ್ರಯೋಗದಿಂದ ಮಗು ಕಲಿಯುವುದು ಕಡಿಮೆ. ಈಜನ್ನು ದಡದಲ್ಲಿ ಕುಳಿತು ಕಲಿತವರುಂಟೇ?

ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರು, ಹಲವರು ತಂದೆತಾಯಂದಿರು. ಶಿಕ್ಷಕರಾದವರು ಬೀರುವಿನ ಬೀಗ ತೆಗೆಯಿರಿ. ಒಡೆದ ಗಾಜಿನ ಬೆಲೆ ಕುಗ್ಗಿದ ಕುತೂಹಲದ ಬೆಲೆಗಿಂತ ಕಡಿಮೆ. ಪೋಷಕರಾದವರು ಮುಂದಿನ ಸಭೆಯಲ್ಲಿ "ಎಷ್ಟು ಅಂಕ?" ಎಂದು ಕೇಳುವ ಮೊದಲು, "ಈ ತಿಂಗಳು ನನ್ನ ಮಗು ಸ್ವತಃ ಏನು ಮಾಡಿತು?" ಎಂದು ಕೇಳಿರಿ. ಕೇಳುವವರು ಹೆಚ್ಚಿದರೆ ಬೀಗಗಳು ತಾವಾಗಿಯೇ ಸಡಿಲವಾಗುತ್ತವೆ.