ಹೈಬ್ರಿಡ್ ಕಾರಿನ ಆಯಿಲ್ಲೂ, ನಮ್ಮ ಹೆದರಿಕೆಯೂ...

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ, ಮ್ಯಾಸಚೂಸೆಟ್ಸ್ ಚಳಿಯಲ್ಲಿ ಹದಿನಾಲ್ಕು ವರ್ಷದಿಂದ ಕಾರು ಓಡಿಸುತ್ತಿರುವ ಒಬ್ಬ ಹುಲುಮಾನವ. ಆದರೆ ಇಲ್ಲಿ ಕನ್ನಡ ಕೂಟದ ಯಾವ ಕಾರ್ಯಕ್ರಮಕ್ಕೆ ಹೋದರೂ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ, ರಾಜಕೀಯದ ಮಾತೆಲ್ಲ ಮುಗಿದ ಮೇಲೆ, ಯಾರಾದರೊಬ್ಬರು ಕೇಳೇ ಕೇಳ್ತಾರೆ: "ನಿಮ್ಮದೂ ಹೈಬ್ರಿಡ್ ಅಲ್ವಾ? ಆಯಿಲ್ ಚೇಂಜ್ ಎಲ್ಲಿ ಮಾಡಿಸ್ತೀರ?" ನಾನು ಬಾಯಿ ತೆರೆಯೋ ಮೊದಲೇ ಪಕ್ಕದವರಿಂದ ಉತ್ತರ ಬಂದಿರುತ್ತೆ: "ಡೀಲರ್ ಹತ್ರಾನೇ ಹೋಗಿ ಸಾರ್. ಹೈಬ್ರಿಡ್ ಅಂದ್ರೆ ಸುಮ್ನೇನಾ? ರಿಸ್ಕ್ ಯಾಕೆ?"

ಈ "ರಿಸ್ಕ್ ಯಾಕೆ" ಅನ್ನೋದರ ಮೇಲೇ ನನ್ನ ತಕರಾರು. ಆಯಿಲ್ ಬದಲಾಯಿಸೋದು ಒಂದು ಪೋಸ್ಟ್ ಬರೆಯೋವಷ್ಟು ದೊಡ್ಡ ವಿಷಯಾನಾ ಅಂತ ನಗಬೇಡಿ, ಕೊನೇ ತನಕ ಓದಿ.

ನನ್ನ ಹತ್ರ ಇರೋದು 2012ರ ಟೊಯೋಟಾ ಪ್ರಿಯಸ್, ಸೆಕೆಂಡ್ ಹ್ಯಾಂಡ್. ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರ್‌ನಲ್ಲಿ, ಅಮೆರಿಕಕ್ಕೆ ಬಂದದ್ದು 2000ದಲ್ಲಿ. ಅಂದರೆ ಈ "ಹೊಸ ತಂತ್ರಜ್ಞಾನ"ಕ್ಕೆ ಈಗ ಕಾಲು ಶತಮಾನ ದಾಟಿದೆ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿರೋ ಹುಡುಗನ ವಯಸ್ಸು! ಆದರೂ ನಾವಿನ್ನೂ ಅದನ್ನ ತೊಟ್ಟಿಲ ಕೂಸಿನ ಥರ ನೋಡ್ತಾ ಇದೀವಿ.

ಸ್ವಲ್ಪ ಯೋಚನೆ ಮಾಡಿ. ಹೈಬ್ರಿಡ್ ಕಾರಿನೊಳಗೆ ಎರಡು ಬೇರೆ ಬೇರೆ ಲೋಕಗಳಿವೆ. ಒಂದು ಕಡೆ ದೊಡ್ಡ ಬ್ಯಾಟರಿ (ನನ್ನ ಕಾರಿನದು ಸುಮಾರು ಇನ್ನೂರು ವೋಲ್ಟ್), ಇನ್ವರ್ಟರ್, ಮೋಟರುಗಳು, ಅವನ್ನೆಲ್ಲ ಸೇರಿಸೋ ಕಿತ್ತಳೆ ಬಣ್ಣದ ಕೇಬಲ್ಲುಗಳು. ಅದು ಹುಡುಗಾಟದ ಜಾಗ ಅಲ್ಲ, ತರಬೇತಿ ಇಲ್ಲದವರು ಕೈ ಹಾಕಲೇಬಾರದು. ಇನ್ನೊಂದು ಕಡೆ ಒಂದು ಮಾಮೂಲಿ ಪೆಟ್ರೋಲ್ ಎಂಜಿನ್. ನಾಲ್ಕು ಸಿಲಿಂಡರು, 1.8 ಲೀಟರು, ಕೆಳಗೊಂದು ಡ್ರೈನ್ ಬೋಲ್ಟು, ಒಂದು ಫಿಲ್ಟರು. ಆಯಿಲ್ ಬದಲಾಯಿಸೋನು ಕೆಲಸ ಮಾಡೋದು ಪೂರ್ತಿ ಈ ಎರಡನೇ ಲೋಕದಲ್ಲಿ. ದೊಡ್ಡ ಬ್ಯಾಟರಿ ಇರೋದು ಹಿಂದಿನ ಸೀಟಿನ ಹಿಂದೆ, ಆ ಕಡೆ ಅವನು ತಿರುಗಿ ನೋಡೋ ಪ್ರಮೇಯವೂ ಇಲ್ಲ.

ಹಾಗಾದ್ರೆ ಹೆದರೋದು ಏನೂ ಇಲ್ವಾ ಅಂದ್ರೆ... ಇದೆ. ಆದರೆ ನಾವು ಹೆದರೋದೇ ಬೇರೆ, ಹೆದರಬೇಕಾದದ್ದೇ ಬೇರೆ.

ಮೊದಲನೇದು, ಕಾರು ನಿಜವಾಗ್ಲೂ ಆಫ್ ಆಗಿರಬೇಕು. ಹೈಬ್ರಿಡ್ ಕಾರು "ರೆಡಿ" ಸ್ಥಿತಿಯಲ್ಲಿದ್ದರೂ ಎಂಜಿನ್ ಸದ್ದಿಲ್ಲದೆ ನಿಂತಿರಬಹುದು. ಸದ್ದಿಲ್ಲ ಅಂದ್ರೆ ಆಫ್ ಅಂದ್ಕೊಂಡು ಒಬ್ಬ ಆಯಿಲ್ ಬಸಿದುಬಿಟ್ಟ ಅಂತಿಟ್ಕೊಳ್ಳಿ. ಬ್ಯಾಟರಿಗೆ ಚಾರ್ಜ್ ಬೇಕು ಅನ್ನಿಸಿದ ಕೂಡಲೇ ಎಂಜಿನ್ ತಾನಾಗೇ ಎದ್ದು ಕೂರುತ್ತೆ, ಹೊಟ್ಟೆಯಲ್ಲಿ ಒಂದು ತೊಟ್ಟು ಆಯಿಲ್ ಇಲ್ಲದೆ! ಕೆಳಗೆ ಕೈ ಇಟ್ಟವನ ಗತಿ ಇನ್ನೂ ಕಷ್ಟ.

ಎರಡನೇದು, ಸರಿಯಾದ ಬೋಲ್ಟು. ಗೇರ್ ಬಾಕ್ಸಿನ ಜಾಗದಲ್ಲಿರೋ ಟ್ರಾನ್ಸಾಕ್ಸಲ್‌ಗೂ ಅದರದೇ ಬೇರೆ ದ್ರವ, ಬೇರೆ ಡ್ರೈನ್ ಬೋಲ್ಟು. ಅವಸರದಲ್ಲಿ ಅದನ್ನ ಬಿಚ್ಚಿ ಆ ದ್ರವವನ್ನೆಲ್ಲ ಹೊರಗೆ ಬಿಟ್ಟು, ಆಮೇಲೆ ಹಳೇ ಆಯಿಲ್ ತುಂಬಿರೋ ಎಂಜಿನ್ನಿಗೆ ಹೊಸ ಆಯಿಲ್ ಸುರಿದರೆ ಒಂದೇ ಏಟಿಗೆ ಎರಡು ಅನಾಹುತ.

ಮೂರನೇದು, ಅಳತೆ. ನನ್ನ ಕಾರಿನ ಪುಸ್ತಕದ ಪ್ರಕಾರ ಫಿಲ್ಟರ್ ಸೇರಿ 4.4 ಕ್ವಾರ್ಟ್, ಅಂದರೆ ಸುಮಾರು 4.2 ಲೀಟರ್, 0ಡಬ್ಲ್ಯೂ-20 ಸಿಂಥೆಟಿಕ್ ಆಯಿಲ್. ಅಂಗಡಿಯಲ್ಲಿ ಸಿಗೋ ಕ್ಯಾನು 5 ಕ್ವಾರ್ಟಿಂದು. ಹತ್ತು ನಿಮಿಷದಲ್ಲಿ ಮುಗಿಸಿಕೊಡ್ತೀವಿ ಅನ್ನೋ ಕ್ವಿಕ್ ಲ್ಯೂಬ್ ಅಂಗಡಿಯ ಬೋರ್ಡಲ್ಲೂ "5 ಕ್ವಾರ್ಟ್ ತನಕ" ಅಂತಲೇ ಇರುತ್ತೆ. ಅವಸರದಲ್ಲಿ ಇರೋದನ್ನೆಲ್ಲ ಸುರಿದರೆ ಆಯಿಲ್ ಜಾಸ್ತಿಯಾಗುತ್ತೆ. ಜಾಸ್ತಿಯಾದರೆ ಒಳ್ಳೇದಲ್ವಾ ಅಂತೀರೇನೋ, ಅಲ್ಲ. ತಿರುಗೋ ಕ್ರ್ಯಾಂಕ್ ಶಾಫ್ಟು ಆ ಆಯಿಲ್ಲನ್ನ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತೆ. ನೊರೆಯಿಂದ ಎಂಜಿನ್ನಿಗೆ ಕಾವಲಿಲ್ಲ.

ಇನ್ನು ಆಯಿಲ್ ಜಾತಿ. 'ಡಬ್ಲ್ಯೂ' ಅಂದರೆ ವಿಂಟರ್. ಅದರ ಹಿಂದಿನ ಸಂಖ್ಯೆ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ, ಮುಂದಿನದು ಬಿಸಿಯಾದಾಗ ಎಷ್ಟು ಗಟ್ಟಿ ಅನ್ನೋದಕ್ಕೆ. 2004ರಿಂದ 2009ರ ಪ್ರಿಯಸ್‌ಗಳಿಗೆ 5ಡಬ್ಲ್ಯೂ-30, ನನ್ನದಕ್ಕೆ 0ಡಬ್ಲ್ಯೂ-20, 2019ರ ನಂತರದ ರಾವ್4 ಹೈಬ್ರಿಡ್‌ಗೆ 0ಡಬ್ಲ್ಯೂ-16. ಹಾಗಾಗಿ "ಹೈಬ್ರಿಡ್ ಆಯಿಲ್" ಅಂತ ಒಂದೇ ಪದಾರ್ಥ ಇಲ್ಲ. ಯಾವ ವರ್ಷ, ಯಾವ ಎಂಜಿನ್, ಅಷ್ಟೇ ಲೆಕ್ಕ.

ಈಗ ನೀವೇ ಹೇಳಿ, ಇದರಲ್ಲಿ ಯಾವುದಕ್ಕೆ ಡೀಲರೇ ಬೇಕು? ಬೇಕಾಗಿರೋದು ಪುಸ್ತಕ ಓದೋ, ಅಳೆದು ಹಾಕೋ, ಅವಸರ ಇಲ್ಲದ ಒಬ್ಬ ಮನುಷ್ಯ. ಅಂಥವನು ಡೀಲರ್ ಹತ್ರ ಇರಬಹುದು, ಮೂಲೆ ಗ್ಯಾರೇಜಿನಲ್ಲೂ ಇರಬಹುದು. ಎರಡೂ ಕಡೆ ಇಲ್ಲದೇನೂ ಇರಬಹುದು :-)

*

ಇಷ್ಟೆಲ್ಲ ಯಾಕೆ ಬರೀತಿದೀನಿ ಅಂದ್ರೆ, ಕಳೆದ ಚಳಿಗಾಲದಲ್ಲಿ ಕಣ್ಣಾರೆ ಕಂಡ ಒಂದು ಸಂಗತಿ.

ದಾವಣಗೆರೆ ಕಡೆಯ ಒಂದು ಚಿಕ್ಕ ಸಂಸಾರ. ಆತ ಓದ್ತಾ ಇದಾನೆ, ಆಕೆಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಮನೆಗೆ ಇರೋದೊಂದೇ ಕಾರು, ಒಂದೂವರೆ ಲಕ್ಷ ಮೈಲಿ ದಾಟಿದ ಹಳೇ ಹೈಬ್ರಿಡ್. ಆಯಿಲ್ ಬದಲಾಯಿಸೋಕೆ ಅಂತ ಡೀಲರ್ ಹತ್ರ ಹೋದರೆ ಕೈಗೆ ಬಂದದ್ದು ಒಂದು ಉದ್ದನೆಯ ಪಟ್ಟಿ. ಆ ಫ್ಲಶ್ಶು, ಈ ಕ್ಲೀನಿಂಗು, "ಹೈಬ್ರಿಡ್ ಸರ್ವಿಸ್ ಪ್ಯಾಕೇಜು", ಎಲ್ಲ ಸೇರಿ ಆರುನೂರು ಡಾಲರ್ ಮೇಲೆ. ಬರೀ ಆಯಿಲ್ ಸಾಕು ಅಂದದ್ದಕ್ಕೆ ಕೌಂಟರಿನಲ್ಲಿದ್ದವನು, "ಹೈಬ್ರಿಡ್ ಅಲ್ವಾ, ನಿಮ್ಮಿಷ್ಟ" ಅಂತ ಭುಜ ಹಾರಿಸಿದನಂತೆ. ಇವರು ಹೆದರಿ ವಾಪಸ್ ಬಂದರು. ಹೊರಗೆ ಮಾಡಿಸೋಕೆ ಭಯ, ಒಳಗೆ ಮಾಡಿಸೋಕೆ ದುಡ್ಡಿಲ್ಲ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಅಂತ ಐದು ತಿಂಗಳು ತಳ್ಳಿದರು.

ನಾನೊಂದು ಸಲ ಅವರ ಕಾರಿನ ಡಿಪ್ ಸ್ಟಿಕ್ ಎಳೆದು ನೋಡಿದೆ. ಆಯಿಲ್ಲು ಕೆಳಗಿನ ಗುರುತಿಗೂ ಮುಟ್ಟಿರಲಿಲ್ಲ. ಅಷ್ಟು ಓಡಿದ ಎಂಜಿನ್ನು ಆಯಿಲ್ ಕುಡಿಯೋದು ಅಪರೂಪವೇನಲ್ಲ. ಅವತ್ತೂ ಆ ಹೆಣ್ಣುಮಗಳು ರಾತ್ರಿ ಹತ್ತೂವರೆಗೆ, ಮಂಜು ಸುರಿಯೋ ಹೆದ್ದಾರಿಯಲ್ಲಿ, ಅದೇ ಕಾರಲ್ಲಿ ಹೊರಡಬೇಕಿತ್ತು. ಮರುದಿನವೇ ಫ್ರೇಮಿಂಗ್‌ಹ್ಯಾಮ್‌ನಲ್ಲಿ ನನ್ನ ಕಾರು ನೋಡೋ ಬ್ರೆಜಿಲಿಯನ್ ಮೆಕ್ಯಾನಿಕ್ ಹತ್ರ ಕರ್ಕೊಂಡು ಹೋದೆ. ಆತ ಕೇಳಿದ ಮೊದಲ ಪ್ರಶ್ನೆ: "ಯಾವ ವರ್ಷದ್ದು?" ಎರಡನೇದು: "ಕೀ ಎಲ್ಲಿ? ಕಾರಿಂದ ದೂರ ಇಡಿ." ಆ ಎರಡು ಪ್ರಶ್ನೆ ಕೇಳಿದ ಮೇಲೆ ನನಗೆ ಬೇರೆ ಸರ್ಟಿಫಿಕೇಟ್ ಬೇಕಾಗಿರಲಿಲ್ಲ. ಎಪ್ಪತ್ತು ಡಾಲರಿಗೆ ಕೆಲಸ ಮುಗೀತು. "ತಿಂಗಳಿಗೊಂದು ಸಲ ಆಯಿಲ್ ಮಟ್ಟ ನೋಡ್ತಾ ಇರಿ" ಅಂತ ಆಕೆಗೇ ಡಿಪ್ ಸ್ಟಿಕ್ ಎಳೆಯೋದನ್ನ ತೋರಿಸಿಕೊಟ್ಟ.

ನೋಡಿ, "ರಿಸ್ಕ್ ಯಾಕೆ" ಅನ್ನೋ ಮಾತಿನ ಬೆಲೆ ಇದು. ಡೀಲರ್ ಬಿಟ್ಟು ಬೇರೆಲ್ಲೂ ಹೋಗಬಾರದು ಅಂತ ನಾವು ಸಲೀಸಾಗಿ ಉಪದೇಶ ಮಾಡ್ತೀವಿ. ಕೈಯಲ್ಲಿ ದುಡ್ಡಿದ್ದವರು ಡೀಲರ್ ಹತ್ರ ಹೋಗ್ತಾರೆ, ಇಲ್ಲದವರು ಎಲ್ಲೂ ಹೋಗೋದಿಲ್ಲ. ಎಂಜಿನ್ ಹಾಳಾಗೋದು ಗ್ಯಾರೇಜಿನವನ ಬೋರ್ಡು ಚಿಕ್ಕದು ಅಂತ ಅಲ್ಲ, ಹೊತ್ತಿಗೆ ಆಯಿಲ್ ಬೀಳಲಿಲ್ಲ ಅಂತ.

*

"ವಾರಂಟಿ ಹೋಗುತ್ತಲ್ಲ?" ಅನ್ನೋದು ಮುಂದಿನ ಪ್ರಶ್ನೆ. ಅಮೆರಿಕದಲ್ಲಿ 1975ರಿಂದಲೇ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆ ಇದೆ. ಬೇರೆ ಕಡೆ ಆಯಿಲ್ ಬದಲಾಯಿಸಿದಿರಿ ಅನ್ನೋ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ನಿರಾಕರಿಸೋ ಹಾಗಿಲ್ಲ. 2022ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಹಾರ್ಲೆ-ಡೇವಿಡ್ಸನ್ ಮೇಲೆ ಕ್ರಮ ಕೈಗೊಂಡದ್ದು ಇಂಥದೇ ವಾರಂಟಿ ಷರತ್ತುಗಳಿಗಾಗಿ. ಇನ್ನು ನಮ್ಮ ಮ್ಯಾಸಚೂಸೆಟ್ಸ್ ಜನ ತಮ್ಮ ಕಾರನ್ನ ಬೇಕಾದಲ್ಲಿ ರಿಪೇರಿ ಮಾಡಿಸೋ ಹಕ್ಕಿಗಾಗಿ 2012ರಲ್ಲೂ 2020ರಲ್ಲೂ ಓಟು ಹಾಕಿ ಭಾರೀ ಬಹುಮತದಿಂದ ಗೆಲ್ಲಿಸಿದಾರೆ. ಅಂಥಾ ರಾಜ್ಯದಲ್ಲಿದ್ದುಕೊಂಡು ನಾವು ಆಯಿಲ್ಲಿಗೆ ಹೆದರೋದಾ!

ಆದರೆ ಒಂದು ಮಾತು. ಕಾಯಿದೆ ನಿಮ್ಮ ಕಡೆ ಇರಬೇಕಾದ್ರೆ ಕಾಗದ ನಿಮ್ಮ ಕೈಯಲ್ಲಿರಬೇಕು. ತಾರೀಕು, ಮೈಲಿ, ಆಯಿಲ್ಲಿನ ಗ್ರೇಡು, ಎಷ್ಟು ಹಾಕಿದರು, ಇಷ್ಟೂ ಇರೋ ರಸೀದಿ ಇಟ್ಕೊಳ್ಳಿ. ತಪ್ಪು ಆಯಿಲ್ ಹಾಕಿಸಿ ಎಂಜಿನ್ ಹೋದರೆ ಯಾವ ಕಾಯಿದೆಯೂ ಕಾಯೋದಿಲ್ಲ.

ಹಾಗಂತ ಡೀಲರ್ ವಿರುದ್ಧ ನನಗೇನೂ ದ್ವೇಷ ಇಲ್ಲ. ಹೊಸಾ ಟೊಯೋಟಾ ತಗೊಂಡಿದ್ರೆ ಮೊದಲ 2 ವರ್ಷ ಅಥವಾ 25,000 ಮೈಲಿ ತನಕ ನಿಗದಿತ ಸರ್ವಿಸ್ ಪುಕ್ಕಟೆ, ಕಣ್ಣು ಮುಚ್ಚಿ ಅಲ್ಲಿಗೇ ಹೋಗಿ. ರೀಕಾಲ್ ಬಂದರೂ ಅಲ್ಲಿಗೇ. 2014ರಲ್ಲಿ ಇನ್ವರ್ಟರಿನ ಸಾಫ್ಟ್‌ವೇರ್ ಸರಿಪಡಿಸೋಕೆ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಪ್ರಿಯಸ್‌ಗಳನ್ನ ವಾಪಸ್ ಕರೆದಿದ್ರು. ಅದು ಮೊದಲನೇ ಲೋಕದ ಕೆಲಸ, ಕಿತ್ತಳೆ ಕೇಬಲ್ಲಿನ ಲೋಕ. ಆಯಿಲ್ಲು ಆ ಲೋಕದ್ದಲ್ಲ, ಅಷ್ಟೇ ನನ್ನ ವಾದ.

"ಮನೇಲೇ ಮಾಡ್ಕೊಂಡ್ರೆ?" ಅನ್ನೋ ಉತ್ಸಾಹಿಗಳಿಗೆ: ಧಾರಾಳವಾಗಿ ಮಾಡಿ, ಸ್ವಂತ ಡ್ರೈವ್ ವೇ ಇದ್ದರೆ. ಬಹಳಷ್ಟು ಅಪಾರ್ಟ್‌ಮೆಂಟಿನವರು ಒಪ್ಪೋದಿಲ್ಲ. ಹಳೇ ಆಯಿಲ್ಲನ್ನ ಮೋರಿಗೆ ಮಾತ್ರ ಸುರಿಯಬೇಡಿ. ಈ ರಾಜ್ಯದಲ್ಲಿ ಆಯಿಲ್ ಮಾರಿದ ಅಂಗಡಿಯವರೇ ರಸೀದಿ ತೋರಿಸಿದರೆ ದಿನಕ್ಕೆ 2 ಗ್ಯಾಲನ್ ತನಕ ಪುಕ್ಕಟೆ ವಾಪಸ್ ತಗೋಬೇಕು.

*

ಬೆಂಗಳೂರಿನ ಓದುಗ ಮಿತ್ರರು "ನಿಮ್ಮ ಅಮೆರಿಕದ ಕಥೆ ನಮಗ್ಯಾಕೆ" ಅನ್ನಬೇಡಿ. ಹೈಬ್ರಿಡ್ ಈಗ ನಿಮ್ಮ ಬಾಗಿಲಲ್ಲೇ ಇದೆ. ಬಿಡದಿಯ ಕಾರ್ಖಾನೆಯಲ್ಲಿ 2013ರಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಿಸೋಕೆ ಶುರು ಮಾಡಿದ್ರು. 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರ, ಇನ್ನೋವಾ ಹೈಕ್ರಾಸ್ ಎಲ್ಲ ಅಲ್ಲಿಂದಲೇ ಹೊರಬಂದವು. ಅಲ್ಲಿ ಮ್ಯಾಗ್ನಸನ್-ಮಾಸ್ ಇಲ್ಲ, ಹಾಗಾಗಿ ವಾರಂಟಿ ಇರೋವರೆಗೆ ಪುಸ್ತಕದ ಷರತ್ತು ಓದಿ ನಡ್ಕೊಳ್ಳಿ. ಆದರೆ ಜಗಳ ಅಲ್ಲೂ ಇದೇ. ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ, ಉಪಕರಣ ಸಿಗದ ಹಾಗೆ ಮಾಡಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಆಮೇಲೆ ಅದು ಮೇಲ್ಮನವಿ, ಹೈಕೋರ್ಟು ಅಂತ ಸುತ್ತಿತು ಅನ್ನೋದು ಬೇರೆ ಮಾತು.

ನಮ್ಮಪ್ಪನ ಚೇತಕ್ ಸ್ಕೂಟರು ರಿಪೇರಿ ಮಾಡ್ತಿದ್ದ ತಿಪಟೂರಿನ ಮೆಕ್ಯಾನಿಕ್ಕು, ಬಿಚ್ಚಿದ ಹಳೇ ಪಾರ್ಟನ್ನ ಚಿಂದಿ ಬಟ್ಟೆಯಲ್ಲಿ ಒರೆಸಿ ಅಪ್ಪನ ಕೈಗೆ ಕೊಟ್ಟು "ನೋಡಿ ಸಾರ್, ಇಲ್ಲಿ ಸವೆದಿದೆ" ಅಂತಿದ್ದ. ಆಮೇಲೇ ದುಡ್ಡಿನ ಮಾತು. ಅಪ್ಪ ನಂಬಿದ್ದು ಬೋರ್ಡನ್ನಲ್ಲ, ಆ ತೋರಿಸೋ ಗುಣಾನ. ಕಾಫಿ ಮೆಷಿನ್ನು, ವೈಫೈ ಇರೋ ವೇಟಿಂಗ್ ರೂಮಿಗೆ ಬಂದ ಮೇಲೆ ನಾವು ಆ ಪರೀಕ್ಷೆ ಮಾಡೋದನ್ನೇ ಬಿಟ್ಟಿದೀವಿ. ಗಾಜಿನ ಆಚೆ ಏನು ನಡೀತಿದೆ ಅಂತ ಕೇಳೋದು ಅವಮಾನ ಅನ್ನೋ ಹಾಗೆ ಕೂತಿರ್ತೀವಿ.

ಹಾಗಾಗಿ ಇನ್ನು ಮುಂದೆ ಊಟದ ಸಾಲಿನಲ್ಲಿ ಯಾರಾದ್ರೂ ಕೇಳಿದ್ರೆ "ಡೀಲರ್ ಹತ್ರ" ಅಂತ ಥಟ್ಟನೆ ಹೇಳಬೇಡಿ. ಮೊದಲು "ಯಾವ ವರ್ಷದ ಕಾರು? ವಾರಂಟಿ ಇದೆಯಾ? ಪುಸ್ತಕದಲ್ಲಿ ಯಾವ ಆಯಿಲ್, ಎಷ್ಟು ಅಂತಿದೆ?" ಅಂತ ವಾಪಸ್ ಕೇಳಿ. ಆಮೇಲೆ ಅದೇ ಪ್ರಶ್ನೆಗಳನ್ನ ತಾನಾಗೇ ಕೇಳೋ ಮೆಕ್ಯಾನಿಕ್ ಹತ್ರ ಕಳಿಸಿ. ಅವನ ಗ್ಯಾರೇಜು ದೊಡ್ಡದೋ ಚಿಕ್ಕದೋ, ನನಗಂತೂ ಮುಖ್ಯ ಅಲ್ಲ. ಮತ್ತೆ ಒಂದು ಕೆಲಸ, ಇದನ್ನ ಓದಿ ಮುಗಿಸಿದ ಮೇಲೆ ಕೆಳಗೆ ಹೋಗಿ ನಿಮ್ಮ ಕಾರಿನ ಡಿಪ್ ಸ್ಟಿಕ್ ಒಂದು ಸಲ ಎಳೆದು ನೋಡಿ. ಅದಕ್ಕೆ ಡೀಲರೂ ಬೇಡ, ಮೆಕ್ಯಾನಿಕ್ಕೂ ಬೇಡ.

ನೀವೆಲ್ಲಿ ಮಾಡಿಸ್ತೀರ? ಒಳ್ಳೇ ಮೆಕ್ಯಾನಿಕ್ಕನ್ನ ಗುರುತಿಸೋಕೆ ನಿಮ್ಮದೇ ಬೇರೆ ಪರೀಕ್ಷೆ ಇದ್ದರೆ ಬರೀರಿ, ಕಾಯ್ತಿರ್ತೀನಿ.