ಗುಂಡಿ ಒತ್ತಿದವರಿಗೆ ಶಿಕ್ಷೆ, ಬೀಗ ಸಡಿಲಿಸಿದವರಿಗೆ?

ಮದ್ದು ವಿತರಿಸುವ ಯಂತ್ರ ತಂದಿಟ್ಟರೆ ಆಸ್ಪತ್ರೆಯಲ್ಲಿ ಔಷಧ ಅದಲುಬದಲಾಗುವುದೇ ಇಲ್ಲ ಎಂದು ನಂಬಿಸುವವರು ಅಮೆರಿಕದ ನ್ಯಾಶ್‌ವಿಲ್‌ನ ಮೊಕದ್ದಮೆಯನ್ನು ಒಮ್ಮೆ ಓದಬೇಕು.

2017ರ ಡಿಸೆಂಬರ್ 26. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 75 ವರ್ಷದ ಮಹಿಳೆಯೊಬ್ಬರಿಗೆ ಸ್ಕ್ಯಾನ್‌ಗೆ ಮುನ್ನ ಗಾಬರಿ ತಗ್ಗಿಸಲು ವೈದ್ಯರು ವರ್ಸೆಡ್ ಬರೆದಿದ್ದರು. ನರ್ಸ್ ರಡಾಂಡ ವಾಟ್ ಯಂತ್ರದಲ್ಲಿ ‘ವಿ’, ‘ಇ’ ಎಂಬ ಎರಡು ಇಂಗ್ಲಿಷ್ ಅಕ್ಷರ ಒತ್ತಿದರು. ಆ ಮದ್ದು ಯಂತ್ರದೊಳಗೆ ಮಿಡಜೋಲಮ್ ಎಂಬ ಮೂಲ ಹೆಸರಿನಲ್ಲಿದ್ದುದರಿಂದ ಸಿಗಲಿಲ್ಲ. ತುರ್ತಿಗೆಂದು ಇಟ್ಟಿರುವ ‘ಓವರ್‌ರೈಡ್’ ಮೂಲಕ ಯಂತ್ರದ ತಡೆ ದಾಟಿ ಮತ್ತೆ ಅವೇ ಅಕ್ಷರ ಒತ್ತಿದಾಗ ಕೈಗೆ ಬಂದದ್ದು ವೆಕ್ಯುರೋನಿಯಮ್: ಸ್ನಾಯುಗಳನ್ನು ಸ್ತಬ್ಧಗೊಳಿಸಿ ಉಸಿರನ್ನೇ ನಿಲ್ಲಿಸುವ ಮದ್ದು. ರೋಗಿ ಮರುದಿನ ತೀರಿಕೊಂಡರು.

ವಾಟ್ ತಪ್ಪು ಮಾಡಿದ್ದು ನಿಜ. ಸೀಸೆಯ ಮುಚ್ಚಳದ ಮೇಲಿದ್ದ ಎಚ್ಚರಿಕೆ ಅವರ ಕಣ್ಣಿಗೆ ಬೀಳಲಿಲ್ಲ. ವರ್ಸೆಡ್ ದ್ರವರೂಪದ್ದು, ಪುಡಿಯನ್ನು ಕಲಸಬೇಕಾಗಿ ಬಂದಾಗಲೂ ಅನುಮಾನ ಹುಟ್ಟಲಿಲ್ಲ. ಸರ್ಕಾರಿ ವಕೀಲರು ಇದನ್ನೇ ಎತ್ತಿ ಹಿಡಿದರು. ಲೈಸೆನ್ಸ್ 2021ರಲ್ಲೇ ಹೋಗಿತ್ತು. 2022ರ ಮಾರ್ಚ್‌ನಲ್ಲಿ ಜ್ಯೂರಿ ಅವರನ್ನು ನಿರ್ಲಕ್ಷ್ಯದಿಂದಾದ ಸಾವಿಗೆ ತಪ್ಪಿತಸ್ಥರೆಂದಿತು. ಮೂರು ವರ್ಷದ ಪ್ರೊಬೇಷನ್ ವಿಧಿಸಲಾಯಿತು.

ಹಾಗಾದರೆ ಆಸ್ಪತ್ರೆ? ವಾಟ್ ತಪ್ಪನ್ನು ಅಂದೇ ಒಪ್ಪಿಕೊಂಡರು. ಆಸ್ಪತ್ರೆ ಅದನ್ನು ರಾಜ್ಯಕ್ಕೆ ವರದಿ ಮಾಡಲಿಲ್ಲ, ಕುಟುಂಬದೊಂದಿಗೆ ರಾಜಿ ಮಾಡಿಕೊಂಡಿತು. ಅನಾಮಧೇಯ ದೂರೊಂದು ಹೋದ ಮೇಲಷ್ಟೇ, 2018ರಲ್ಲಿ, ಕೇಂದ್ರದ ತನಿಖಾಧಿಕಾರಿಗಳು ಬಾಗಿಲು ತಟ್ಟಿದರು. ಕ್ರಿಮಿನಲ್ ಆರೋಪ ಮಾತ್ರ ಆಸ್ಪತ್ರೆಯ ಮೇಲೆ ಬರಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತೇವೆ. ಇಲ್ಲಿ ಜ್ವರ ಇಬ್ಬರಿಗೂ ಇತ್ತು. ಬರೆ ಬಿದ್ದದ್ದು ಒಬ್ಬರಿಗೆ.

ಯಾವ ಮದ್ದು ಓವರ್‌ರೈಡ್‌ನಲ್ಲಿ ಸಿಗಬೇಕು, ಯಾವುದು ಸಿಗಬಾರದು ಎಂದು ತೀರ್ಮಾನಿಸುವುದು ನರ್ಸ್ ಅಲ್ಲ, ಆಸ್ಪತ್ರೆಯ ಆಡಳಿತ ಮತ್ತು ಫಾರ್ಮಸಿ. ಎರಡೇ ಅಕ್ಷರಕ್ಕೆ ಪ್ರಾಣ ತೆಗೆಯುವ ಮದ್ದನ್ನು ಮುಂದಿಡುವ ಯಂತ್ರವನ್ನು ವಾರ್ಡಿಗೆ ತಂದವರೂ ಅವರೇ. ಸ್ಕ್ಯಾನ್ ನಡೆಯುವ ಜಾಗದಲ್ಲಿ ಬಾರ್‌ಕೋಡ್ ಓದುವ ಸಾಧನವೇ ಇರಲಿಲ್ಲ. ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದ ಆ ದಿನಗಳಲ್ಲಿ ಓವರ್‌ರೈಡ್ ರೂಢಿಯೇ ಆಗಿಹೋಗಿತ್ತು ಎಂದು ವಾಟ್ ಹೇಳಿದರು. ತುರ್ತು ಬಾಗಿಲಲ್ಲಿ ದಿನವೂ ಓಡಾಡುವ ಪರಿಸ್ಥಿತಿ ಸೃಷ್ಟಿಸಿದ ಮೇಲೆ, ಓಡಾಡಿದವರನ್ನಷ್ಟೇ ಹಿಡಿಯುವುದು ಯಾವ ನ್ಯಾಯ?

ಯಂತ್ರ ಬೇಡವೆಂದು ಯಾರೂ ಹೇಳುವುದಿಲ್ಲ. ಅಮಲಿನ ಮದ್ದು ಕಳುವಾಗದಂತೆ ಅದು ಕಾಯುತ್ತದೆ, ಯಾರು ಯಾವಾಗ ಏನು ತೆಗೆದರೆಂದು ಲೆಕ್ಕ ಇಡುತ್ತದೆ. ಆದರೆ ಹುಡುಕಲು ಕನಿಷ್ಠ ಐದು ಅಕ್ಷರ ಬೇಕೆಂಬ ನಿಯಮ, ಸ್ನಾಯು ಸ್ತಬ್ಧಗೊಳಿಸುವ ಮದ್ದಿಗೆ ಬೇರೆಯೇ ಪೆಟ್ಟಿಗೆ, ಚುಚ್ಚುವ ಜಾಗದಲ್ಲೇ ಬಾರ್‌ಕೋಡ್ ಪರೀಕ್ಷೆ: ಇವಿಲ್ಲದೆ ಅದು ಬರೀ ದುಬಾರಿ ಬೀರು.

ನಮ್ಮಲ್ಲಿ ಅಪಾಯ ಇನ್ನೂ ಹೆಚ್ಚು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ, ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು. ಚಿಕಿತ್ಸೆ ನೀಡುವಾಗಿನ ತಪ್ಪಿಗೆ ನೋಂದಾಯಿತ ವೈದ್ಯರಿಗೆ ಗರಿಷ್ಠ ಎರಡೇ ವರ್ಷ. ಆ ರಿಯಾಯಿತಿಯಲ್ಲಿ ನರ್ಸ್‌ಗಳ ಹೆಸರಿಲ್ಲ. ಆದೇಶ ಬರೆದವರಿಗಿಂತ ಆದೇಶ ಪಾಲಿಸಿದವರಿಗೆ ಹೆಚ್ಚು ಶಿಕ್ಷೆ ಕಾದಿರುವ ನಾಡಿನಲ್ಲಿ ಈ ಯಂತ್ರ ವ್ಯಾಪಕವಾಗುವ ಮುನ್ನ ಕಾನೂನು ತಿದ್ದಬೇಕು.

ಓವರ್‌ರೈಡ್ ಪಟ್ಟಿಗೆ ಸಹಿ ಹಾಕಿದವರು ಯಾರೆಂದು ಪ್ರತಿ ಆಸ್ಪತ್ರೆಯೂ ಬರೆದಿಡಲಿ. ಸಾವು ಸಂಭವಿಸಿದಾಗ ವಿಚಾರಣೆ ಆ ಸಹಿಯಿಂದಲೇ ಶುರುವಾಗಲಿ.