ಹಣ ಪಡೆಯುವವರಿಗೆ ಪಿನ್ ಏಕೆ?

2021ರ ಫೆಬ್ರವರಿಯಲ್ಲಿ ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್‌ರ ಪುತ್ರಿ ಹಳೆಯ ಸೋಫಾವೊಂದನ್ನು ಅಂತರ್ಜಾಲದಲ್ಲಿ ಮಾರಲು ಹೋಗಿ 34,000 ರೂಪಾಯಿ ಕಳೆದುಕೊಂಡರು. ಕೊಳ್ಳುವವನ ವೇಷದಲ್ಲಿ ಬಂದಾತ ಮೊದಲು ಸಣ್ಣ ಮೊತ್ತವೊಂದನ್ನು ಅವರ ಖಾತೆಗೆ ಕಳುಹಿಸಿ ವಿಶ್ವಾಸ ಗಳಿಸಿದ. ಬಳಿಕ ಕ್ಯೂಆರ್ ಕೋಡ್ ಕಳುಹಿಸಿ, ಇದನ್ನು ಸ್ಕ್ಯಾನ್ ಮಾಡಿದರೆ ಉಳಿದ ಹಣ ಬರುತ್ತದೆಂದ. ಬರುವ ಬದಲು 20,000 ಹೋಯಿತು. ಕೇಳಿದಾಗ, ತಪ್ಪು ಕೋಡ್ ಕಳುಹಿಸಿದೆನೆಂದು ಇನ್ನೊಂದನ್ನು ಕಳುಹಿಸಿದ. ಮತ್ತೆ 14,000 ಹೋಯಿತು.

ಮುಖ್ಯಮಂತ್ರಿಯ ಮನೆಯ ವಿದ್ಯಾವಂತೆಯೇ ಮೋಸ ಹೋದ ಮೇಲೆ ಉಳಿದವರ ಪಾಡೇನು? ನಮ್ಮ ಪಟ್ಟಣಗಳ ಮನೆಗಳಲ್ಲಿ ಇಂದು ಹೊಲಿಗೆ ಯಂತ್ರ, ಮಗುವಿನ ತೊಟ್ಟಿಲು, ಗಲ್ಫಿನಿಂದ ಮರಳಿದವರು ತಂದ ಟಿವಿ, ಎಲ್ಲವೂ ಮೊಬೈಲಿನಲ್ಲೇ ಮಾರಾಟಕ್ಕಿವೆ. ಫೋಟೊ ಹಾಕಿದ ಅರ್ಧ ಗಂಟೆಯೊಳಗೆ ಕರೆ ಬರುತ್ತದೆ. ಆತ ತಾನು ಸೈನಿಕನೆನ್ನುತ್ತಾನೆ, ವರ್ಗಾವಣೆಯಾಗಿದೆಯೆನ್ನುತ್ತಾನೆ, ಸಮವಸ್ತ್ರದ ಚಿತ್ರವನ್ನೂ ಗುರುತಿನ ಚೀಟಿಯನ್ನೂ ಕಳುಹಿಸುತ್ತಾನೆ. ವಸ್ತುವನ್ನು ನೋಡಬೇಕೆನ್ನುವುದಿಲ್ಲ, ಬೆಲೆ ಇಳಿಸಿ ಎನ್ನುವುದೂ ಇಲ್ಲ. ಹಳೆಯ ವಸ್ತುವಿಗೆ ಚೌಕಾಶಿ ಮಾಡದ ಗಿರಾಕಿಯನ್ನು ನಮ್ಮ ಯಾವ ಸಂತೆಯಲ್ಲಾದರೂ ಯಾರಾದರೂ ಕಂಡದ್ದುಂಟೇ?

ತಿಳಿದಿರಬೇಕಾದ ಸಂಗತಿ ಸರಳ. ಯುಪಿಐ ವ್ಯವಸ್ಥೆಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ವ್ಯಕ್ತಿಗಳು ಪರಸ್ಪರ ಹಣ ಕೋರುವ ‘ಕಲೆಕ್ಟ್ ರಿಕ್ವೆಸ್ಟ್’ ಸೌಲಭ್ಯದ ದುರುಪಯೋಗ ಮಿತಿಮೀರಿದ್ದರಿಂದ 2025ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಲಾಯಿತು. ಒಂದು ಬಾಗಿಲು ಮುಚ್ಚಿತು, ನಿಜ. ಆದರೆ ಕ್ಯೂಆರ್ ಕೋಡ್ ಇದೆ, ನಕಲಿ ಸ್ಕ್ರೀನ್‌ಶಾಟ್ ಇದೆ, ಬ್ಯಾಂಕಿನಿಂದ ಬಂದಂತೆಯೇ ತೋರುವ ಸಂದೇಶವಿದೆ.

ಈ ಕೊನೆಯ ತಂತ್ರವನ್ನು ನಾವು ವಿಶೇಷವಾಗಿ ಗಮನಿಸಬೇಕು. ‘ಐದು ಸಾವಿರದ ಬದಲು ಕೈತಪ್ಪಿ ಐವತ್ತು ಸಾವಿರ ಕಳುಹಿಸಿಬಿಟ್ಟೆ, ತಾಯಿ ಆಸ್ಪತ್ರೆಯಲ್ಲಿದ್ದಾರೆ, ದಯವಿಟ್ಟು ಹೆಚ್ಚಿನದ್ದನ್ನು ಮರಳಿಸಿ’ ಎಂದು ಆತ ಅಳುತ್ತಾನೆ. ಸಾಮಾನ್ಯವಾಗಿ ವಂಚಕರ ಬಲೆಗೆ ದುರಾಸೆಯವರು ಬೀಳುತ್ತಾರೆಂಬ ಮಾತಿದೆ. ಇಲ್ಲಿ ಬೀಳುವವರು ಪರರ ಹಣದ ಒಂದು ಪೈಸೆಯೂ ತನ್ನ ಮನೆಯಲ್ಲಿ ಉಳಿಯಬಾರದೆಂಬ ಪ್ರಾಮಾಣಿಕರು. ಅಮಾನತ್ತನ್ನು ಮರಳಿಸುವ ಅವಸರದಲ್ಲಿ ತಮ್ಮದೇ ಉಳಿತಾಯವನ್ನು ಕಳುಹಿಸಿಬಿಡುತ್ತಾರೆ. ಸಂದೇಶ ಬಂದುದಕ್ಕೂ ಹಣ ಬಂದುದಕ್ಕೂ ವ್ಯತ್ಯಾಸವಿದೆ. ಫಿಕ್ಹ್ ಗ್ರಂಥಗಳ ವ್ಯಾಪಾರದ ಅಧ್ಯಾಯಗಳಲ್ಲಿ ‘ಕಬ್ಝ್’ ಎಂಬ ಪದ ಪದೇ ಪದೇ ಬರುತ್ತದೆ. ನಿಜವಾಗಿ ಸ್ವಾಧೀನಕ್ಕೆ ಬರುವುದು ಎಂದು ಅದರರ್ಥ. ನಗದು ವ್ಯಾಪಾರದಲ್ಲಿ ಬೆಲೆ ಪೂರ್ತಿಯಾಗಿ ಕೈಸೇರುವ ತನಕ ವಸ್ತುವನ್ನು ತಡೆದಿರಿಸಿಕೊಳ್ಳುವ ಹಕ್ಕು ಮಾರುವವನಿಗಿದೆಯೆಂದು ಹನಫೀ ವಿದ್ವಾಂಸರು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಇಂದು ಆ ಕಬ್ಝ್ ಖಚಿತವಾಗುವುದು ಬ್ಯಾಂಕ್ ಖಾತೆಯ ಶಿಲ್ಕನ್ನು ತಾನೇ ತೆರೆದು ನೋಡಿದಾಗ ಮಾತ್ರ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನಿರಿಸಿ ಎಂದು ಆದೇಶಿಸುವ ಸೂಕ್ತವೇ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾಗಿದೆ. ಎಚ್ಚರಿಕೆಯು ಅಪನಂಬಿಕೆಯಲ್ಲ.

ಇಲ್ಲಿಗೆ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಇಂಥ ವಂಚನೆಯ ಜಾಲಗಳ ತನಿಖೆ ನಡೆದಾಗೆಲ್ಲ ಜಾರ್ಖಂಡಿನ ಜಾಮ್‌ತಾರಾದ ಜೊತೆಗೆ ಹರಿಯಾಣ-ರಾಜಸ್ಥಾನಗಳ ಮೇವಾತ್ ಪ್ರದೇಶದ ಹೆಸರೂ ಕೇಳಿಬರುತ್ತದೆ. 2023ರ ಏಪ್ರಿಲ್‌ನಲ್ಲಿ ಸುಮಾರು 5,000 ಪೊಲೀಸರು ನೂಹ್ ಜಿಲ್ಲೆಯ 14 ಗ್ರಾಮಗಳಿಗೆ ಏಕಕಾಲದಲ್ಲಿ ದಾಳಿ ಮಾಡಿದ್ದರು. ಅದು ಮುಸ್ಲಿಮರೇ ಬಹುಸಂಖ್ಯಾತರಾಗಿರುವ, ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ತಬ್ಲೀಗ್ ಚಳವಳಿ ಹುಟ್ಟಿದ ನೆಲ. 2018ರಲ್ಲಿ ನೀತಿ ಆಯೋಗವು ಹಿಂದುಳಿದ ಜಿಲ್ಲೆಗಳ ಪಟ್ಟಿ ಪ್ರಕಟಿಸಿದಾಗ ಕಟ್ಟಕಡೆಯಲ್ಲಿದ್ದ ಜಿಲ್ಲೆಯೂ ಅದೇ. ಶಾಲೆ-ಉದ್ಯೋಗಗಳನ್ನು ಕೊಡದ ಸರಕಾರಗಳನ್ನು ನಾವು ಪ್ರಶ್ನಿಸಲೇಬೇಕು. ಕೆಲವರ ಅಪರಾಧವನ್ನು ಇಡೀ ಮೇವ್ ಜನಾಂಗದ ತಲೆಗೆ ಕಟ್ಟುವವರನ್ನೂ ಖಂಡಿಸಬೇಕು. ಆದರೆ ಬಡತನವು ಹರಾಮನ್ನು ಹಲಾಲ್ ಮಾಡುವುದಿಲ್ಲ. ಮಾರುಕಟ್ಟೆಯ ಧಾನ್ಯದ ರಾಶಿಯೊಳಗೆ ಕೈಯಿಟ್ಟು ತೇವವನ್ನು ಪತ್ತೆಹಚ್ಚಿದ ಪ್ರವಾದಿ(ಸ)ಯವರು, ಮೋಸ ಮಾಡುವವನು ನಮ್ಮವನಲ್ಲವೆಂದು ಅಲ್ಲೇ ಘೋಷಿಸಿದ್ದರು.

ಮೇವಾತ್ ದೂರದ ಮಾತು ಎನ್ನುವವರು ತಮ್ಮ ಬೀದಿಯ ಹುಡುಗರನ್ನೊಮ್ಮೆ ವಿಚಾರಿಸಲಿ. ವಂಚಿಸಿದ ಹಣ ಇಳಿಯಲು ಯಾರದೋ ಖಾತೆ ಬೇಕು. ಕಮಿಷನ್ನಿನ ಆಸೆಗೆ ತಮ್ಮ ಖಾತೆಯನ್ನೂ ಎಟಿಎಂ ಕಾರ್ಡನ್ನೂ ಸಿಮ್ಮನ್ನೂ ಅಪರಿಚಿತರ ಕೈಗೊಪ್ಪಿಸುವ ಕಾಲೇಜು ವಿದ್ಯಾರ್ಥಿಗಳು ಎಲ್ಲ ಊರುಗಳಲ್ಲೂ, ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಅವರ ಮನೆಗೇ. ತಾನು ಯಾರನ್ನೂ ವಂಚಿಸಿಲ್ಲ, ಖಾತೆಯನ್ನಷ್ಟೇ ಕೊಟ್ಟೆ ಎಂಬ ಸಮರ್ಥನೆ ನ್ಯಾಯಾಲಯದಲ್ಲೂ ನಿಲ್ಲುವುದು ಕಷ್ಟ, ಪಾಪದಲ್ಲಿ ಪರಸ್ಪರ ಸಹಕರಿಸಬೇಡಿರೆಂದ ಅಲ್ಲಾಹನ ಮುಂದೆಯೂ ಕಷ್ಟ. ಈ ಒಂದು ವಿಷಯಕ್ಕೆ ಜುಮಾ ಖುತ್ಬಾದ ಹತ್ತು ನಿಮಿಷ ಮೀಸಲಿಡಲು ನಮ್ಮ ಖತೀಬರಿಗೇನು ಅಡ್ಡಿ?

ಇನ್ನು ಮೋಸ ಹೋದವರ ವಿಷಯ. 1930 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮುನ್ನ ದೂರು ತಲುಪಿದರೆ ಅದನ್ನು ತಡೆಹಿಡಿಯಲು ಸಾಧ್ಯವಿದೆ. ಗಂಟೆಗಳು ಕಳೆದಷ್ಟೂ ಆಸೆ ಕ್ಷೀಣಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ ಆ ಅಮೂಲ್ಯ ಗಂಟೆಗಳು ಹೇಗೆ ಕಳೆಯುತ್ತವೆ? ಪತಿಗೆ ಹೇಗೆ ಹೇಳಲಿ ಎಂದು ಗೃಹಿಣಿ ಅಡುಗೆಮನೆಯಲ್ಲಿ ಕಣ್ಣೀರಿಡುತ್ತಾಳೆ. ಹೇಳಿದ ಮೇಲೆ, ‘ನಿನಗ್ಯಾರು ಮಾರಲು ಹೇಳಿದ್ದು?’ ಎಂಬ ವಿಚಾರಣೆ ಆರಂಭವಾಗುತ್ತದೆ. ಅಷ್ಟರಲ್ಲಿ ವಂಚಕ ಹಣವನ್ನು ಎಟಿಎಂನಿಂದ ತೆಗೆದು ಮುಗಿಸಿರುತ್ತಾನೆ. ಮನೆಯ ಯಜಮಾನರು ದಯವಿಟ್ಟು ಮೊದಲು 1930ಕ್ಕೆ ಕರೆ ಮಾಡಲಿ, ಬ್ಯಾಂಕಿಗೆ ತಿಳಿಸಲಿ. ಗದರಿಕೆ ಸಂಜೆಗಿರಲಿ.